ಕಣ್ಣಿಗೆ ಬಿದ್ದ ಉಗಿಬಂಡಿ

ಕಳೆದ ವಾರ ಹಾಸಿಗೆಗಳನ್ನು ಬಿಸಿಲಿಗೆ ಹಾಕಬೇಕೆಂದು ನನ್ನ ಹೆಂಡತಿ ಸುಮಿತ್ರಾ ಅಲಮಾರಿಯ ಮೇಲಿನ ಟ್ರಂಕು ಇಳಿಸಿದಳು. ಅದರೊಳಗಿಂದ ಮೂರು ಮಂಕಿ ಕ್ಯಾಪುಗಳು ನೆಲಕ್ಕೆ ಬಿದ್ದವು. ಬೀದರಿನ ಮೇ ತಿಂಗಳು ನಿಮಗೆ ಗೊತ್ತಿರುವುದೇ. ಫ್ಯಾನು ತಿರುಗಿದರೆ ಬಿಸಿಗಾಳಿ, ತಿರುಗದಿದ್ದರೆ ಬರೀ ಬಿಸಿ. ಅಂಥ ಮಧ್ಯಾಹ್ನದಲ್ಲಿ ಉಣ್ಣೆಯ ಟೋಪಿಯನ್ನು ನೋಡಿದರೇ ಬೆವರು ಬರುತ್ತದೆ.

"ಇವನ್ನ ಏನ್ ಮಾಡ್ಲಿ?" ಎಂದಳು.

"ಇರ್ಲಿ ಬಿಡು" ಎಂದೆ.

ನಮ್ಮ ಮನೆಯಲ್ಲಿ ಯಾವ ಉಪಯೋಗಕ್ಕೂ ಬಾರದ ವಸ್ತುಗಳೆಲ್ಲ ಈ ಒಂದು ಮಾತಿನಿಂದ ಜೀವ ಉಳಿಸಿಕೊಂಡಿವೆ. ಆ ಸಾಲಿನಲ್ಲಿ ನನ್ನ ಹೆಸರೂ ಇದೆಯೆಂದು ಸುಮಿತ್ರಾಳ ಅಭಿಪ್ರಾಯ.

ಟೋಪಿಗಳು ಊಟಿ ಪ್ರವಾಸಕ್ಕೆಂದು ಕೊಂಡವು. ಎರಡು ವರ್ಷದ ಹಿಂದೆ ನಾನು, ಸುಮಿತ್ರಾ, ಅವಳ ತಂದೆ ಬೀರಪ್ಪ ಮೂವರೂ ನೀಲಗಿರಿಯ ಉಗಿಬಂಡಿ ನೋಡಲು ಹೋಗಿದ್ದೆವು. ನೋಡಲು ಎಂದೆನೆ? ಅದೇ ಕಥೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ಬೀದರಿನ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಪರ್ವತಗಳು ಹೇಗೆ ಹುಟ್ಟುತ್ತವೆ, ಕಣಿವೆಗಳು ಹೇಗೆ ಕೊರೆದುಕೊಳ್ಳುತ್ತವೆ ಎಂದು ಹಲಗೆಯ ಮೇಲೆ ಸೀಮೆಸುಣ್ಣ ಸವೆಸಿದ್ದೇನೆ. ಆದರೆ ನಲವತ್ತು ದಾಟುವವರೆಗೂ ಒಂದೇ ಒಂದು ಪರ್ವತ ಹತ್ತಿರಲಿಲ್ಲ. ತಪ್ಪು ನನ್ನದಲ್ಲ, ಊರಿನದು. ಬೀದರ ಇರುವುದೇ ಎತ್ತರದ ಬಯಲಿನ ಅಂಚಿನಲ್ಲಿ. ನಾವು ಹುಟ್ಟುವಾಗಲೇ ಮೇಲಿರುತ್ತೇವೆ. ಅಷ್ಟೂರಿನ ಗುಂಬಜು ನೋಡಬೇಕೆಂದರೂ ಇಳಿದೇ ಹೋಗಬೇಕು. ಹತ್ತುವ ಅಭ್ಯಾಸ ಎಲ್ಲಿಂದ ಬರಬೇಕು?

ಉಗಿಬಂಡಿಯ ಹುಚ್ಚು ಮಾತ್ರ ಭಾಲ್ಕಿಯದು. ಭಾಲ್ಕಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆಯಿತ್ತು. ಇಂಜಿನ್ ಬರುವ ಹೊತ್ತಿಗೆ ಅವ್ವ ಅಂಗಳದಲ್ಲಿ ಒಣಹಾಕಿದ ಬಿಳಿ ಬಟ್ಟೆಗಳನ್ನು ಓಡೋಡಿ ಬಾಚಿಕೊಳ್ಳುತ್ತಿದ್ದಳು. ಆದರೂ ಅಪ್ಪನ ಧೋತರದ ಮೇಲೆ ಸಣ್ಣ ಕರಿ ಚುಕ್ಕೆಗಳು ಉಳಿಯುತ್ತಿದ್ದವು. ನಾವು ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾಟ ಆಡುತ್ತಿದ್ದೆವು. ಓಟದಲ್ಲಿ ಹಿಂದೆ ಬೀಳುತ್ತಿದ್ದ ನನಗೆ ಖಾಯಂ ಗಾರ್ಡಿನ ಕೆಲಸ. ಇಂಜಿನ್ ಆಗಬೇಕೆಂಬ ಆಸೆ ಒಳಗೇ ಉಳಿಯಿತು. ನಿಜವಾದ ಉಗಿಬಂಡಿಯಲ್ಲಿ ಕೂರುವ ಭಾಗ್ಯವೂ ಬರಲಿಲ್ಲ, ಏಕೆಂದರೆ ನಮ್ಮ ಬಂಧುಬಳಗವೆಲ್ಲ ಬಸ್ಸಿನ ದಿಕ್ಕಿನಲ್ಲೇ ಇತ್ತು. ಒಬ್ಬ ಸೋದರತ್ತೆ ಖಟಕ ಚಿಂಚೋಳಿಯಲ್ಲಿ, ಇನ್ನೊಬ್ಬಳು ಔರಾದಿನ ಕಡೆ. ರೈಲುಹಳಿ ಇರುವ ಒಂದೂರಿಗೂ ನಮ್ಮ ಮನೆಯ ಹೆಣ್ಣುಮಕ್ಕಳನ್ನು ಕೊಟ್ಟಿರಲಿಲ್ಲ. ನಾನು ಗದ್ದಬಾವು ಬಂದು ಮಲಗಿದ್ದಾಗಲೇ ಕೊನೆಯ ಉಗಿ ಇಂಜಿನ್ ಭಾಲ್ಕಿ ದಾಟಿಹೋಯಿತಂತೆ. ಎದ್ದು ಹೊರಗೆ ಬಂದರೆ ಡೀಸೆಲ್ ನಿಂತಿತ್ತು. ಅವ್ವನ ಬಟ್ಟೆಗಳು ಸ್ವಚ್ಛವಾದವು. ನನ್ನ ಬಾಲ್ಯ ಅಲ್ಲಿಗೆ ಮುಗಿಯಿತು.

ನಾನು ಮದುವೆಯಾದದ್ದೂ ಔರಾದಿನ ಹೆಣ್ಣನ್ನೇ. ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಮಾವ ಬೀರಪ್ಪ ಕುರಿ ಕಾಯುವವರು. ಮಳೆಯನ್ನೇ ನಂಬಿದ ಒಂದಿಷ್ಟು ಹೊಲ, ಮತ್ತೆ ಒಂದು ದೊಡ್ಡ ಹಿಂಡು. ಜಾಸ್ತಿ ಮಾತಿನವರಲ್ಲ, ಆದರೆ ಆಡಿದ ಮಾತಿಗೆ ಮೊನಚಿರುತ್ತಿತ್ತು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ್ರ, ನೀವು ಭೂಮಿ ಬಗ್ಗೆ ಹೇಳ್ತೀರಂತ. ಭೂಮಿ ಮ್ಯಾಲ ಎಷ್ಟು ನಡೀತೀರಿ?" ಎಂದು ಕೇಳಿದ್ದರು. ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಅಂಥವರ ಮಂಡಿ ಕೈಕೊಟ್ಟಿತು. ಇನ್ನು ಹಿಂಡಿನ ಹಿಂದೆ ಓಡಾಡಿದರೆ ಕೋಲು ಹಿಡಿದೂ ನಡೆಯಲಾಗುವುದಿಲ್ಲ ಎಂದು ಡಾಕ್ಟರು ಹೆದರಿಸಿದರು. ಮಾವ ಹಿಂಡನ್ನು ಮಾರಿದರು. ಮಾರಿ ಬಂದವರು ಬೀದರಿನ ನಮ್ಮ ಮನೆಯ ಜಗಲಿಯ ಮೇಲೆ ಕೂತುಬಿಟ್ಟರು. ಕೂತವರು ಮಾತೇ ಬಿಟ್ಟರು. ಊಟಕ್ಕೆ ಕರೆದರೆ ಏಳುವರು, ನೀರು ಕೊಟ್ಟರೆ ಕುಡಿಯುವರು, ಕೇಳಿದ್ದಕ್ಕೆ "ಹೂಂ" ಎನ್ನುವರು. ಸುಮಿತ್ರಾ ಅತ್ತಳು, ಜಗಳ ಮಾಡಿದಳು, ಔರಾದಿನಿಂದ ಅವರ ಗೆಳೆಯರನ್ನು ಕರೆಸಿದಳು. ಗೆಳೆಯರ ಮುಂದೆಯೂ "ಹೂಂ". ಕೊನೆಗೆ ಇನ್ನೊಬ್ಬ ಡಾಕ್ಟರು ಎಲ್ಲ ನೋಡಿ, "ಮೈಗೇನೂ ಆಗಿಲ್ಲ. ಜರಾ ಹವಾ ಬದಲು ಮಾಡಿಸ್ರಿ" ಎಂದರು.

ಆ ಮಾತು ನನ್ನ ಕಿವಿಗೆ ಇಂಜಿನ್ನಿನ ಸೀಟಿಯಂತೆ ಕೇಳಿಸಿತು. "ಊಟಿ!" ಎಂದೆ. ಅಲ್ಲಿಗೆ ಉಗಿ ಇಂಜಿನ್ ಹೋಗುತ್ತದೆ ಎಂಬುದನ್ನು ಆಮೇಲೆ, ಏನೋ ಅಕಸ್ಮಾತ್ತಾಗಿ ನೆನಪಾದವನಂತೆ ಸೇರಿಸಿದೆ. ಸುಮಿತ್ರಾ ನನ್ನನ್ನು ಬಹಳ ಹೊತ್ತು ನೋಡಿ, "ಹವಾ ಯಾರಿಗಿ ಬದಲಾಗ್ಬೇಕಾಗ್ಯದ?" ಎಂದಳು. ಆದರೂ ರೊಟ್ಟಿ ಒಣಗಿಸಿ ಕಟಕು ಮಾಡಿ, ಶೇಂಗಾ ಹಿಂಡಿ ಕುಟ್ಟಿ, ಮೂರು ಮಂಕಿ ಕ್ಯಾಪು ತಂದಿಟ್ಟಳು.

ಬೀದರಿನಿಂದ ಬೆಂಗಳೂರು, ಅಲ್ಲಿಂದ ಕೊಯಮತ್ತೂರು, ಅಲ್ಲಿಂದ ಮೆಟ್ಟುಪಾಳ್ಯ. ಪ್ರಯಾಣ ರಜೆಗಿಂತ ಉದ್ದವಾಯಿತು. ದಾರಿಯುದ್ದಕ್ಕೂ ನಾನು ಮಾವನಿಗೆ ಆ ಬಂಡಿಯ ವಿಶೇಷ ಹೇಳಿದೆ. ಎರಡು ಹಳಿಗಳ ನಡುವೆ ಹಲ್ಲುಹಲ್ಲಾದ ಕಬ್ಬಿಣದ ಪಟ್ಟಿ ಇರುತ್ತದೆ; ಇಂಜಿನ್ನಿನ ಅಡಿಯ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ; ಏರುವಾಗ ಇಂಜಿನ್ ಮುಂದಿರುವುದಿಲ್ಲ, ಹಿಂದಿನಿಂದ ನೂಕುತ್ತದೆ. ಮಾವ ಎಲ್ಲಕ್ಕೂ "ಹೂಂ" ಎಂದರು. ಕ್ಲಾಸಿನ ಹಿಂದಿನ ಬೆಂಚಿನವರೂ ಹೀಗೇ ಅನ್ನುವುದರಿಂದ ನನಗೇನೂ ಬೇಸರವಾಗಲಿಲ್ಲ.

ಮೆಟ್ಟುಪಾಳ್ಯದಲ್ಲಿ ಬೆಳಿಗ್ಗೆ ನೀಲಿ ಬೋಗಿಗಳ ಪುಟ್ಟ ಗಾಡಿ ನಿಂತಿತ್ತು. ಹಿಂದೆ ಉಸ್ಸೆನ್ನುತ್ತ, ಎಣ್ಣೆ ಒಸರುತ್ತ, ಸಾಕ್ಷಾತ್ ಉಗಿ ಇಂಜಿನ್. ನಾನು ಅದರ ಹತ್ತಿರ ಓಡಿದೆ. ಅದೇ ಹೊತ್ತಿಗೆ ಟಿಕೆಟ್ ನೋಡುವವರು ಒಂದು ವಿಷಯ ತಿಳಿಸಿದರು. ಮೂವರಲ್ಲಿ ಇಬ್ಬರಿಗೆ ಮಾತ್ರ ಸೀಟು ಖಾತ್ರಿಯಾಗಿದೆ. ಮೂರನೆಯವರದು ಕೊನೆಯವರೆಗೂ ವೇಟಿಂಗಿನಲ್ಲೇ ಉಳಿದಿದೆ. ಯಾರಾದರೂ ಇಬ್ಬರು ಹತ್ತಿ, ಒಬ್ಬರು ಬಸ್ಸಿನಲ್ಲಿ ಬನ್ನಿ.

ನಾನು ತಡಮಾಡದೆ ಮಾವನ ಹಿತ ಯೋಚಿಸಿದೆ. "ಮಾವಾರಿಗಿ ಬಸ್ಸೇ ಛಲೋ ಆಗ್ತದ ನೋಡು. ಇಲ್ಲಿ ಸೀಟು ಬಾಳ ಇಕ್ಕಟ್ಟು. ಮಂಡಿ ಹಿಡ್ಕೊಂತಾವ."

ಸುಮಿತ್ರಾ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿರುವುದಕ್ಕಿಂತ ಬೈದರೆ ಸುಖ.

ಮಾವ ತಿಂಗಳುಗಳ ನಂತರ ಒಂದು ಪೂರ್ತಿ ವಾಕ್ಯ ಆಡಿದರು. "ಈ ಗಾಡಿ ನಡಿಯೋದಕ್ಕಿಂತ ಸಾವಕಾಶ ಹೋಗ್ತದಂತ ನೀವೇ ಹೇಳೀರಿ. ನೀವಿಬ್ರು ಕೂಡ್ರಿ, ನಾ ಹಿಂದಿಂದ ನಡಕೋತ ಬರ್ತೇನಿ."

ತಮಾಷೆಯೋ ನಿಜವೋ ತಿಳಿಯಲಿಲ್ಲ. ಆದರೆ ಸುಮಿತ್ರಾಳ ಕಣ್ಣಲ್ಲಿ ನೀರು ತುಂಬಿದ್ದು ಕಂಡಿತು. "ಅಪ್ಪ ಮಾತಾಡ್ದ" ಎಂದಳು ನನ್ನ ಕಡೆ ನೋಡದೆ. ನಾನು ಟಿಕೆಟ್ಟನ್ನು ಅವಳ ಕೈಗೆ ಕೊಟ್ಟು ಬಸ್ ನಿಲ್ದಾಣದ ಕಡೆ ನಡೆದೆ. ಹಿಂದೆ ಇಂಜಿನ್ ಸೀಟಿ ಹಾಕಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಬಹುಶಃ ಟಿಕೆಟ್ ವಾಪಸು ಕೇಳುತ್ತಿದ್ದೆ.

ಬಸ್ಸಿನ ಪ್ರಯಾಣದ ಬಗ್ಗೆ ಹೆಚ್ಚು ಬರೆಯುವುದು ನನ್ನ ವೃತ್ತಿಗೆ ಶೋಭೆಯಲ್ಲ. ಘಟ್ಟದ ತಿರುವುಗಳು ಕೂದಲಪಿನ್ನಿನ ಹಾಗೆ ಬಾಗಿರುತ್ತವೆ ಎಂದು ವರ್ಷವೂ ಪಾಠ ಮಾಡುವ ನಾನು, ಅಂಥ ಪ್ರತಿ ತಿರುವಿನಲ್ಲೂ ಕಿಟಕಿಯಿಂದ ತಲೆ ಹೊರಗೆ ಹಾಕಬೇಕಾಯಿತು. ಪಕ್ಕದಲ್ಲಿದ್ದ ಹೆಂಗಸು ಮರುಗಿ ನಿಂಬೆಹಣ್ಣು ಕೊಟ್ಟಳು. ಒಂದು ಕಡೆ ಮಾತ್ರ, ಕಣಿವೆಯ ಆಚೆ, ಕಾಡಿನ ನಡುವೆ ಹೊಗೆ ಏಳುವುದು ಕಂಡಿತು. ಸೇತುವೆಯ ಮೇಲೆ ನೀಲಿ ಬೋಗಿಗಳು. ಎದ್ದು ನಿಂತೆ. ಎದುರಿನಿಂದ ಕ್ಯಾರೆಟ್ ತುಂಬಿದ ಲಾರಿ ಬಂದು ಅಡ್ಡವಾಯಿತು. ಅದು ಸರಿಯುವಷ್ಟರಲ್ಲಿ ಹೊಗೆಯೂ ಇಲ್ಲ, ಸೇತುವೆಯೂ ಇಲ್ಲ.

ಊಟಿಯ ದಾರಿಯ ನಡುವೆ ಸಿಗುವ ಕೂನೂರಿನಲ್ಲಿ ಬಸ್ಸು ಇಳಿದು, ಸ್ಟೇಷನ್ನಿನಲ್ಲಿ ಕಾಯುತ್ತ ಕೂತೆ. ಗಾಡಿ ಬರುವ ಹೊತ್ತಾಯಿತು, ಬರಲಿಲ್ಲ. ಚಹಾ ಕುಡಿದೆ, ಮತ್ತೊಂದು ಕುಡಿದೆ. ಫೋನು ಹತ್ತಲಿಲ್ಲ. ಮಂಡಿನೋವಿನ ಮುದುಕ, ಅಳುಮುಖದ ಹೆಂಡತಿ, ನೂರು ವರ್ಷಕ್ಕೂ ಹಳೆಯ ಹಳಿ, ಕೆಳಗೆ ಕಣಿವೆ... ಭೂಗೋಳ ಓದಿದವನಿಗೆ ಹೆದರಿಕೆಯ ಸಾಮಗ್ರಿಗೆ ಕೊರತೆಯಿರುವುದಿಲ್ಲ. ಭೂಕುಸಿತದ ಎಲ್ಲ ಬಗೆಗಳೂ ಚಿತ್ರಸಮೇತ ನೆನಪಾದವು.

ಕೊನೆಗೆ ಗಾಡಿ ಬಂತು. ಬೋಗಿಯಿಂದ ಮೊದಲು ಇಳಿದವರೇ ಮಾವ. ತಲೆಯ ರುಮಾಲು ಓರೆಯಾಗಿತ್ತು. ನಗುತ್ತಿದ್ದರು. ಆ ಮುಖದಲ್ಲಿ ಹಲ್ಲು ಕಂಡು ಎಷ್ಟು ಕಾಲವಾಗಿತ್ತು!

"ಮಾಸ್ತರ್ರ," ಎಂದರು, "ನಿಮ್ಮ ಗಾಡಿ ನಾನೇ ತಡಾ ಮಾಡ್ದೆ."

ಈ ಪ್ರವಾಸದ ಮುಖ್ಯ ಘಟನೆ ನಡೆದಾಗ ಅಲ್ಲಿ ನಾನಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಸುಮಿತ್ರಾ ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ.

ಕೂನೂರಿಗೆ ಇನ್ನು ಸ್ವಲ್ಪವೇ ದೂರವಿತ್ತಂತೆ. ತಿರುವಿನಲ್ಲಿ ಗಾಡಿ ನಿಂತಿತು. ಮುಂದೆ ಹಳಿಯ ಮೇಲೆ ಆಡುಗಳ ಹಿಂಡು. ಮುಂದಿನ ಬೋಗಿಯ ತುದಿಯಲ್ಲಿ ನಿಂತಿದ್ದ ಬ್ರೇಕಿನ ಸಿಬ್ಬಂದಿ ಬಾವುಟ ಬೀಸಿ ಕೂಗಿದರು, ಹಿಂದಿನಿಂದ ಇಂಜಿನ್ ಸೀಟಿ ಹೊಡೆಯಿತು. ಆಡುಗಳು ಜಗ್ಗಲಿಲ್ಲ. ಕಾಯುವವನ ಪತ್ತೆಯಿಲ್ಲ. ಪ್ರಯಾಣಿಕರೆಲ್ಲ ಫೋನು ಹಿಡಿದು ಫೋಟೋ ತೆಗೆಯುತ್ತಿರುವಾಗ ಮಾವ ಎದ್ದು, ಮಗಳು ತಡೆಯುವ ಮೊದಲೇ ಕೆಳಗಿಳಿದರು. ಹಳಿಯ ಪಕ್ಕದ ಜಲ್ಲಿಯ ಮೇಲೆ ಕುಂಟುತ್ತ ಮುಂದೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು, ಔರಾದಿನ ಬಯಲಿನಲ್ಲಿ ಅರ್ಧ ಹರದಾರಿ ಕೇಳಿಸುವಂಥ ಕೂಗು ಹಾಕಿದರು. ಸಿಬ್ಬಂದಿ ಗೌರವದಿಂದ ಸುಮ್ಮನಾದರು. ಬಲ್ಲವರು ಬಂದರು ಎಂದುಕೊಂಡಿರಬೇಕು.

ಆಡುಗಳು ತಲೆಯೆತ್ತಿ ಮಾವನನ್ನು ನೋಡಿದವು. ಆಮೇಲೆ ಎಲ್ಲವೂ ಒಟ್ಟಾಗಿ ತಿರುಗಿ, ಹಳಿಯ ಮೇಲೇ ಓಡಿ, ಮುಂದಿನ ಸುರಂಗದೊಳಗೆ ನುಗ್ಗಿಬಿಟ್ಟವು.

ಅಲ್ಲಿಯವರೆಗೆ ಬಯಲಿನಲ್ಲಿದ್ದ ತೊಂದರೆ ಈಗ ಕತ್ತಲಿಗೆ ಹೋಗಿ ಸೇರಿತು. ಸಿಬ್ಬಂದಿ ಟಾರ್ಚು ಹಿಡಿದು ಒಳಗೆ ಹೋದರು. ಮಾವ ಮತ್ತೊಮ್ಮೆ ಕೂಗಿದರು. ಒಳಗಿನಿಂದ "ಬ್ಯಾ" ಎಂಬ ಉತ್ತರ ಬಂತೇ ಹೊರತು ಆಡು ಬರಲಿಲ್ಲ. ಒಬ್ಬ ಸಿಬ್ಬಂದಿ ಕೈಮುಗಿದು, ಇನ್ನು ಕೂಗಬೇಡಿ ಎಂದು ಸನ್ನೆ ಮಾಡಿದನಂತೆ. ಆಗ ಮಾವ ಹಳಿಯ ಪಕ್ಕದ ಕಲ್ಲಿನ ಮೇಲೆ ಕೂತು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸಿಬ್ಬಂದಿ ಆಡುಗಳನ್ನು ಸುರಂಗದ ಆ ಬಾಯಿಯಿಂದ ಅಟ್ಟಿದ ಮೇಲೆಯೇ ಗಾಡಿ ಹೊರಟಿತಂತೆ.

"ಕನ್ನಡ ತಿಳೀಲಿಲ್ಲೇನೋ ಅವಕ್ಕ" ಎಂದು ನಾನು ಕೂನೂರಿನ ಪ್ಲಾಟ್‌ಫಾರಮ್ಮಿನ ಮೇಲೆ ಅಂದೆ.

"ತಿಳದದ" ಎಂದರು ಮಾವ. "ತಿಳದೇ ಓಡ್ಯಾವ."

ಆ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಕೂನೂರಿನಿಂದ ಊಟಿಯವರೆಗೆ ನನಗೂ ಟಿಕೆಟ್ ಸಿಕ್ಕಿತು. ಅದು ಸಿಕ್ಕ ಮರುಗಳಿಗೆಯೇ ಉಗಿ ಇಂಜಿನ್ ಗಾಡಿಯಿಂದ ಕಳಚಿಕೊಂಡು ಶೆಡ್ಡಿನ ಕಡೆ ಹೊರಟುಹೋಯಿತು. ಮುಂದಿನ ದಾರಿಗೆ ಡೀಸೆಲ್ ಹಚ್ಚುತ್ತಾರಂತೆ. ಡೀಸೆಲ್ ನೋಡಬೇಕಿದ್ದರೆ ಭಾಲ್ಕಿಯಲ್ಲೇ ಇರುತ್ತಿದ್ದೆ.

ಊಟಿಯಲ್ಲಿ ಒಂದು ದಿನ ಇದ್ದೆವು. ಮೂವರೂ ಮಂಕಿ ಕ್ಯಾಪು ಹಾಕಿಕೊಂಡು ನೋಡಬೇಕಾದ್ದನ್ನೆಲ್ಲ ನೋಡಿದೆವು. ದೊಡ್ಡ ತೋಟದಲ್ಲಿ ಹಸಿರು ರತ್ನಗಂಬಳಿಯಂಥ ಹುಲ್ಲು. ಅದರ ಮೇಲೆ ಕಾಲಿಡಬಾರದೆಂಬ ಹಲಗೆ. ಮಾವ ಬಹಳ ಹೊತ್ತು ಹುಲ್ಲನ್ನೇ ನೋಡಿ, "ಯಾರಿಗೂ ತಿನ್ನಸಂಗಿಲ್ಲಂದ್ರ ಯಾಕ ಬೆಳಸ್ಯಾರ?" ಎಂದರು. ಅಷ್ಟೇ. ಸಂಜೆಯ ಹೊತ್ತಿಗೆ ಮತ್ತೆ "ಹೂಂ"ಗೆ ಇಳಿದರು. ಲಾಡ್ಜಿನ ಕಿಟಕಿಯ ಮುಂದೆ ಬೀದರಿನ ಜಗಲಿಯ ಮೇಲೆ ಕೂತಂತೆಯೇ ಕೂತರು.

"ಮತ್ತ ಸುಮ್ಮ ಆದ" ಎಂದಳು ಸುಮಿತ್ರಾ. ಹೊದಿಕೆ ಸರಿಮಾಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದ್ದಳು. "ಹಿಂಡು ಮಾರಿದ್ ದಿನ ಏನಾಯ್ತಂತ ಕೇಳಿ ಕೇಳಿ ಸಾಕಾಗ್ಯದ. ಬಾಯಿ ಬಿಡಲ್ಲ. ನಾ ಮಗಳಲ್ಲೇನು? ನನಗ ಹೇಳ್ದೆ ಇನ್ ಯಾರಿಗಿ ಹೇಳ್ತಾನ?"

ಮಳೆ, ಮಣ್ಣು, ಗಾಳಿ ಇವುಗಳ ಬಗ್ಗೆ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.

ಹಿಂದಿರುಗುವ ದಿನ ಕೂನೂರಿನಿಂದ ಕೆಳಗೆ ಮತ್ತೆ ಉಗಿಬಂಡಿ. ಮತ್ತೆ ಎರಡೇ ಸೀಟು; ಈ ವಿಷಯದಲ್ಲಿ ನನ್ನ ಅದೃಷ್ಟ ಬದಲಾಗುವ ಪೈಕಿಯದಲ್ಲ. ಸುಮಿತ್ರಾ ಈ ಸಲ ಟಿಕೆಟ್ ನನ್ನ ಕಿಸೆಗೆ ತುರುಕಿದಳು.

"ಹೋಗ್ರಿ, ನಿಮ್ಮ ಹೊಗಿ ಕುಡದು ಬರ್ರಿ. ನಾ ಬಸ್ಸಿಗಿ ಹೋಗಿ ಕೆಳಗ ನಿಂತಿರ್ತೇನಿ. ಅಪ್ಪನ್ನ ಮತ್ತ ಇಳಿಲಾಕ ಬಿಡಬ್ಯಾಡ್ರಿ."

ಇಳಿಯುವಾಗ ಇಂಜಿನ್ ಮುಂದಿರುತ್ತದೆ. ನಮ್ಮದು ಅದರ ಬೆನ್ನಿಗೇ ಅಂಟಿದ ಬೋಗಿ, ನನ್ನದು ಕಿಟಕಿ. ಹೆಚ್ಚೇನು ಹೇಳಲಿ, ಗದ್ದಬಾವಿನ ಹುಡುಗ ಎದ್ದು ಕೂತ. ಸೀಟಿ ಕೂಗಿತು, ಹಬೆ ಬುಸುಗುಟ್ಟಿತು, ಗಾಡಿ ಅಲುಗಿತು. ನಾನು ಕತ್ತು ಹೊರಗೆ ಚಾಚಿ ಇಂಜಿನ್ನನ್ನು ಕಣ್ತುಂಬ ನೋಡಬೇಕೆಂದು ಕಣ್ಣನ್ನು ಪೂರ್ತಿ ಅಗಲಿಸಿದೆ.

ಕಣ್ಣು ನಿಜಕ್ಕೂ ತುಂಬಿತು. ಹೊಗೆಯೊಳಗಿನ ಯಾವುದೋ ಮಸಿಯ ಚೂರು ನೇರ ಬಂದು ಬಲಗಣ್ಣೊಳಗೆ ಕೂತಿತು. ಸೂಜಿ ಚುಚ್ಚಿದಂತೆ ಉರಿ. ಬಲಗಣ್ಣಿನ ಸಹಾನುಭೂತಿಗೆ ಎಡಗಣ್ಣೂ ಮುಚ್ಚಿಕೊಂಡಿತು. ಎರಡೂ ಕೈಯಲ್ಲಿ ಮುಖ ಹಿಡಿದು ಬಾಗಿದೆ.

"ತಿಕ್ಕಬ್ಯಾಡ್ರಿ!" ಎಂದು ಮಾವ ನನ್ನ ಕೈ ಹಿಡಿದರು. ಬಾಟಲಿಯ ನೀರು ಹನಿಸಿದರು. ರುಮಾಲಿನ ಸೆರಗನ್ನು ಬಾಯಿಯ ಬಿಸಿಗಾಳಿಯಿಂದ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತಿ, ಎರಡೂ ಕಣ್ಣಿಗೆ ಕಟ್ಟಿಬಿಟ್ಟರು. "ಹಿಂಗೇ ಕೂಡ್ರಿ. ನೀರು ಬಂದು ತಾನೇ ಹೊರಗ ಬರ್ತದ. ತೆರಿಬ್ಯಾಡ್ರಿ."

"ಅಲ್ರಿ ಮಾವಾರ, ಬೆಟ್ಟ... ಗಾಡಿ..." ಎಂದೆ. ದನಿ ಚಿಕ್ಕ ಹುಡುಗನದಾಗಿತ್ತು.

"ಎಲ್ಲಿಗಿ ಹೋಗ್ತದ ಬೆಟ್ಟ? ನಾ ನೋಡಿ ಹೇಳ್ತೇನಿ."

ಹೇಳತೊಡಗಿದರು. ಮೊದಲು ಒಂದೊಂದೇ ಮಾತು. ಈಗ ಸೇತುವೆ ಬಂತು. ಕೆಳಗ ಬಾಳ ಆಳದಾ, ಕಲ್ಲು ಒಗದ್ರ ಸಪ್ಪಳ ಕೇಳಂಗಿಲ್ಲ. ಅಲ್ಲಿ ಬಿಳಿ ನೀರು ಬೀಳಲಾಕತ್ತದ, ಧೋತರ ಒಣಹಾಕಿದಂಗ. ಆಚಿ ಗುಡ್ಡದ ಮ್ಯಾಲ ಮೋಡ ಕೂತದ. ಗಾಡಿ ಬಾಗ್ತು ನೋಡ್ರಿ, ನಮ್ಮ ಹಿಂದಿನ ಡಬ್ಬಿ ಮಂದಿ ಕಾಣಲಾಕತ್ಯಾರ, ಒಂದು ಹೆಣ್ಮಗು ಕೈ ಬೀಸಲಾಕತ್ತದ, ನೀವೂ ಬೀಸ್ರಿ. ಕಣ್ಣು ಕಟ್ಟಿಕೊಂಡ ನಾನು ಯಾವ ದಿಕ್ಕಿಗೋ ಕೈ ಬೀಸಿದೆ. "ಆ ಕಡಿ ಅಲ್ರಿ" ಎಂದು ಅವರು ನನ್ನ ಕೈಯನ್ನು ಹಿಡಿದು ತಿರುಗಿಸಿದರು.

"ಮೇವು ಬೇಕಾದಂಗದಾ ಇಲ್ಲಿ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಆದ್ರ ಬಯಲಿಲ್ಲ. ನನ್ನ ಕುರಿ ಇಲ್ಲಿ ಅಂಜತಿದ್ವು."

ಸುರಂಗ ಬಂತು. ಗಾಡಿಯ ಸದ್ದು ಗೋಡೆಗೆ ಬಡಿದು ಮೈಮೇಲೆ ಬಿತ್ತು. ಹೊರಬಂದಾಗ ಮಾವನ ಮಾತು ಬೇರೆಯಾಗಿತ್ತು. ತಗ್ಗಿದ ದನಿ.

"ಮಾರಿದ್ ದಿನ ಟೆಂಪೋ ತಂದಿದ್ರು, ಮಾಸ್ತರ್ರ. ಹಲಗಿ ಹಚ್ಚಿದ್ರು ಹತ್ಸಲಾಕ. ಒಂದೂ ಹತ್ತಲಿಲ್ಲ. ಹೊಡದ್ರು, ಕಿವಿ ಹಿಡದು ಎಳದ್ರು. ಕಾಲು ಕೊಟ್ಟು ನಿಂತ್ವು. ಆ ಮಂದಿ ಪರೇಶಾನ್ ಆಗಿ ನನಗ ಅಂದ್ರು, ನೀನೇ ಕರಿಯಪ್ಪಾ ಅಂತ."

ಹಲ್ಲುಗಾಲಿ ಪಟ್ಟಿಯನ್ನು ಕಚ್ಚಿ ಬಿಡುವ ಕಟಕಟ ಸದ್ದು ಕೇಳುತ್ತಿತ್ತು.

"ನಾ ಟೆಂಪೋದಾಗ ಹತ್ತಿ ನಿಂತು ಕರದೆ. ಒಂದೇ ಸಲ ಕರದೆ. ಎಲ್ಲಾ ಬಂದ್ವು. ಒಂದರ ಮ್ಯಾಲ ಒಂದು ಬಿದ್ದು ಬಂದ್ವು. ನಾ ಇಳದು ಬಂದೆ, ಅವರು ಬಾಗಿಲಾ ಹಾಕಿದ್ರು."

ನಾನು ಮುಖವನ್ನು ಅವರ ದನಿಯ ಕಡೆ ತಿರುಗಿಸಿದೆ.

"ಸುಮಿಗಿ ಹ್ಯಾಂಗ ಹೇಳ್ಲಿ ಇದು? ಮರಿ ಇದ್ದಾಗಿಂದ ಹೆಸರಿಟ್ಟು ಎತ್ತಿ ಆಡ್ಸ್ಯಾಳ ಅವಕ್ಕ. ಅವತ್ತಿಂದ ಬಾಯಿ ತೆರದ್ರ ಅವಕ್ಕ ಕರದ ಅದೇ ದನಿ ಕೇಳ್ತಿತ್ತು ನನಗ." ಸ್ವಲ್ಪ ತಡೆದು, "ಮೊನ್ನಿ ಆ ಆಡುಗೊಳು ನೋಡ್ರಿ. ಕರದ್ರ ಬರ್ಲೇ ಇಲ್ಲ. ಓಡಿದ್ವು. ಹಂಗೇ ಓಡಬೇಕು. ಬಾಳ ಖುಷಿ ಆಯ್ತು ನನಗ."

ಇಷ್ಟು ಹೇಳಿ ಅವರು ಮೂಗು ಸೀಟಿಕೊಂಡದ್ದು ಕೇಳಿಸಿತು. ನನ್ನ ಕಣ್ಣಿನ ಉರಿ ಆ ಸುರಂಗದ ಹೊತ್ತಿಗೇ ನಿಂತಿತ್ತು. ನೀರಿನೊಂದಿಗೆ ಚೂರು ಹೊರಬಂದು ರೆಪ್ಪೆಯಂಚಿನಲ್ಲಿ ಕೂತದ್ದು ಬಟ್ಟೆಯಡಿ ತೂರಿಸಿದ ಬೆರಳಿಗೆ ತಾಗಿತ್ತು. ಬಟ್ಟೆ ಸರಿಸಿದರೆ ಸಾಕು, ಬೆಟ್ಟ ಇತ್ತು, ಇಂಜಿನ್ ಇತ್ತು, ನಾನು ಬಾಲ್ಯದಿಂದ ಕಾದ ಹೊಗೆ ಇತ್ತು. ಸರಿಸಿದರೆ ಎದುರಿಗೆ ಮಾವನ ಮುಖವೂ ಇರುತ್ತಿತ್ತು.

"ಇನ್ನ ಉರೀಲಾಕತ್ತದೇನ್ರಿ?" ಎಂದು ಕೇಳಿದರು.

"ಉರೀಲಾಕತ್ತದ್ರಿ" ಎಂದೆ. "ಆಮ್ಯಾಲ ಏನಾಯ್ತು?"

ಕೆಳಗಿನವರೆಗೂ ಹೇಳಿದರು. ಟೆಂಪೋ ಹೋದ ಮೇಲಿನ ಖಾಲಿ ಹಟ್ಟಿ, ಅಲ್ಲೇ ಉಳಿದ ನಾಯಿ, ತಾವು ಹುಡುಗರಾಗಿದ್ದಾಗ ತಂದೆಯೊಂದಿಗೆ ಹಿಂಡು ಹೊಡೆದುಕೊಂಡು ಹೋದ ಊರುಗಳು. ನಡುನಡುವೆ ಕರ್ತವ್ಯಕ್ಕೆಂಬಂತೆ, ಇಲ್ಲೊಂದು ಕೋತಿ ಕೂತದ, ಅಲ್ಲೊಂದು ಝರಿ ಅದ ಎಂದೂ ಹೇಳಿದರು. ಹೀಗೆ ನೀಲಗಿರಿಯ ಘಟ್ಟವನ್ನು ಉಗಿಬಂಡಿಯಲ್ಲಿ ನಾನು ಪೂರ್ತಿ ಇಳಿದೆ.

ಮೆಟ್ಟುಪಾಳ್ಯದ ಪ್ಲಾಟ್‌ಫಾರಮ್ಮಿನಲ್ಲಿ ಸುಮಿತ್ರಾ ಕಾದು ನಿಂತಿದ್ದಳು. ಕಣ್ಣಿಗೆ ರುಮಾಲು ಕಟ್ಟಿಕೊಂಡು ಮಾವನ ಕೈ ಹಿಡಿದು ಇಳಿದ ನನ್ನನ್ನು ಕಂಡು ಗಾಬರಿಯಾದಳು.

"ಏನಾಯ್ತು ಇವರಿಗಿ?"

"ಕಣ್ಣಾಗ ಕಸ ಬಿತ್ತು. ಪಾಪ, ಏನೂ ನೋಡಲಿಲ್ಲ ಅವರು. ದಾರಿ ತುಂಬಾ ನಾನೇ ಹೇಳ್ದೆ" ಎಂದರು ಮಾವ. "ಬಾಯಿ ಒಣಗ್ಯದವ್ವಾ. ಚಾ ಎಲ್ಲಿ ಸಿಗ್ತದ ಇಲ್ಲಿ? ನೀ ಉಂಡಿಯೇನು? ಬಸ್ಸಿನಾಗ ವಾಂತಿ ಗೀಂತಿ ಆಗಲಿಲ್ಲ ಹೌದಲ್ಲ?"

ಸುಮಿತ್ರಾ ತಂದೆಯನ್ನು ನೋಡಿದಳು. ಅವರು ಆಗಲೇ ಚಹಾದ ಗಾಡಿಯ ಮುಂದೆ ನಿಂತು, ಸಕ್ಕರೆ ಕಮ್ಮಿ ಹಾಕಬೇಕೆಂದು ತಮಿಳಿನವನಿಗೆ ಔರಾದಿನ ಕನ್ನಡದಲ್ಲಿ ವಿವರಿಸುತ್ತಿದ್ದರು.

ಅವಳು ನನ್ನ ಕಣ್ಣಿನ ಬಟ್ಟೆ ಬಿಚ್ಚಿ, ನನ್ನನ್ನು ಬೆಳಕಿಗೆ ತಿರುಗಿಸಿ, ಬೆರಳಿನಿಂದ ರೆಪ್ಪೆ ಎತ್ತಿ ನೋಡಿದಳು. ಎಡಗಣ್ಣು ನೋಡಿದಳು, ಮತ್ತೆ ಬಲಗಣ್ಣು ನೋಡಿದಳು.

"ಏನೂ ಇಲ್ಲಲ್ರೀ ಇದ್ರಾಗ" ಎಂದಳು.

"ಇತ್ತು" ಎಂದೆ.